ಕತ್ತರಿಯ ಪುಟ

ಬಿಳಿ ಹಾಸಿನ ಮೇಲೆ ನಲವತ್ತೊಂದು ಶಾಲುಗಳು ಬಿದ್ದಿದ್ದವು. ಅವುಗಳಲ್ಲಿ ಒಂದನ್ನೂ ಹೊದ್ದು ಮಲಗುವ ಹಾಗಿರಲಿಲ್ಲ. ಹೊದ್ದರೆ ಜರಿ ಚುಚ್ಚುತ್ತದೆ, ಒಗೆದರೆ ಬಣ್ಣ ಬಿಡುತ್ತದೆ, ಯಾರಿಗಾದರೂ ದಾಟಿಸೋಣವೆಂದರೆ ಅವರ ಮನೆಯಲ್ಲೂ ಇಂಥವೇ ಹತ್ತಿಪ್ಪತ್ತು ಕೊಳೆಯುತ್ತಿರುತ್ತವೆ. ವಸಂತ ಕುರ್ಚಿಯಲ್ಲಿ ಕುಳಿತು ಅವನ್ನು ನೋಡುತ್ತ, ಇಷ್ಟು ಶಾಲು ಹೊದಿಸಿದವರಲ್ಲಿ ಒಬ್ಬನಾದರೂ ತನ್ನ ಭಾಷಣವನ್ನು ಕೊನೆಯವರೆಗೆ ಕೇಳಿದ್ದಾನೆಯೇ ಎಂದು ಯೋಚಿಸಿದ. ಇನ್ನು ಹನ್ನೆರಡು ದಿನಕ್ಕೆ ಅವನ ನಿವೃತ್ತಿ. ಮೂಡುಬಿದಿರೆಯಿಂದ ನಾಲ್ಕು ಮೈಲಿ ಆಚೆಗಿನ ಹೈಸ್ಕೂಲಿನಲ್ಲಿ ಮೂವತ್ತಮೂರು ವರ್ಷ ಕನ್ನಡ ಪಾಠ ಹೇಳಿ, ಅದರಲ್ಲಿ ಕೊನೆಯ ಆರು ವರ್ಷ ಹೆಡ್ಮಾಸ್ಟ್ರೂ ಆಗಿ, ಈಗ ಬೀಳ್ಕೊಡುಗೆಯ ದಿನ ಶಾಲೆಯ ಅಂಗಳದಲ್ಲಿ ದೊಡ್ಡ ಪರದೆ ನಿಲ್ಲಿಸಿ ಅವನ ಬದುಕನ್ನು ಪುಟಪುಟವಾಗಿ ತೋರಿಸುವುದೆಂದು ನಿಶ್ಚಯವಾಗಿತ್ತು. ಪುಟವೆಂದರೆ ಕಾಗದದ್ದಲ್ಲ. ಮಗಳು ತೃಪ್ತಿ ಜನರ ಮನೆಯ ಹಳೆಯ ಸಾಮಾನುಗಳ ಫೋಟೊ ಹೊಡೆದು, ಕಂಪ್ಯೂಟರಿನಲ್ಲಿ ಅಂಟಿಸಿ, ಹೂಬಳ್ಳಿಯ ಅಂಚು ಕಟ್ಟಿ, ಫೋನಿನಲ್ಲಿ ಬೆರಳಿನಿಂದ ಮಗುಚಬಹುದಾದ ಪುಸ್ತಕ ಮಾಡಿಕೊಡುತ್ತಿದ್ದಳು. ಮದುವೆ, ತೊಟ್ಟಿಲು, ಅರವತ್ತರ ಶಾಂತಿ, ಎಲ್ಲದಕ್ಕೂ ಒಂದೊಂದು. ಡಿಜಿಟಲ್ ಸ್ಕ್ರ್ಯಾಪ್‌ಬುಕ್ ಎಂದು ಅದರ ಹೆಸರು. ಸತ್ತ ಅಜ್ಜನ ಕನ್ನಡಕಕ್ಕೂ ಮಗುವಿನ ಕಾಲ್ಗೆಜ್ಜೆಗೂ ಅದೇ ಹೂಬಳ್ಳಿ, ಅದೇ ಕೊಳಲಿನ ಸಂಗೀತ. ನೆನಪೆಂದರೆ ಜನರಿಗೆ ಇಷ್ಟೇ ಸಾಕು ಎಂದುಕೊಂಡು ಅವನು ಕಾಲು ಚಾಚಿದ. ಕಾಲಿನ ಹೆಬ್ಬೆರಳು ಒಂದು ಶಾಲಿಗೆ ತಾಗಿತು.

ಈ ಹುಚ್ಚು ಶಾಲೆಯೊಳಗೆ ಬಂದದ್ದು ರುಕ್ಮಯ್ಯನಿಂದ. ಅವನು ಡ್ರಾಯಿಂಗ್ ಮಾಸ್ಟ್ರು, ಹೋದ ವರ್ಷ ನಿವೃತ್ತನಾದವನು. ಅವನ ಬೀಳ್ಕೊಡುಗೆಗೆ ಅವನ ಅಳಿಯ ಇಂಥದೇ ಪುಸ್ತಕ ಮಾಡಿಸಿ ತಂದಿದ್ದ. ಪರದೆಯ ಮೇಲೆ ರುಕ್ಮಯ್ಯನ ಮೊದಲ ಬಸ್ ಪಾಸು ಬಂತು, ಮದುವೆಯ ಕರೆಯೋಲೆ ಬಂತು, ಮೊಮ್ಮಗನ ಬಿದ್ದ ಹಲ್ಲು ತೆಂಗಿನಕಾಯಿಯಷ್ಟು ದೊಡ್ಡದಾಗಿ ಬಂತು, ಕೊನೆಗೆ ಔಷಧಿಯ ಸಣ್ಣ ಬಾಟಲಿಯಲ್ಲಿಟ್ಟ ಅವನ ಮೂತ್ರಕೋಶದ ಕಲ್ಲು ಬಂತು. ಅದರ ಕೆಳಗೆ ‘ನೋವಿನಲ್ಲೂ ನಗು’ ಎಂದು ಬರೆದಿತ್ತು. ಜನ ಚಪ್ಪಾಳೆ ಹೊಡೆದರು. ಊರಿನ ದೊಡ್ಡ ಮನೆಯ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು, ಒಂದು ಕಲ್ಲಿಗೆ! ಮರುದಿನದಿಂದ ಒಂದು ವಾರ ವಸಂತ ಸ್ಟಾಫ್ ರೂಮಿನಲ್ಲಿ ಅದನ್ನೇ ಆಡಿಕೊಂಡು ನಕ್ಕಿದ್ದ. ‘ಇವತ್ತು ಕಲ್ಲು, ನಾಳೆ ಕರುಳು ತಂದು ತೋರಿಸ್ತಾನೆ ಮಾರಾಯ’ ಎಂದು ಚಹಾ ಕುಡಿಯುವವರಿಗೆಲ್ಲ ಹೇಳಿ ನಗಿಸಿದ್ದ. ಆದರೆ ಆ ಕಾರ್ಯಕ್ರಮದ ಸಂಜೆಯೇ ಮನೆಗೆ ಬಂದವನು ಹೆಂಡತಿ ಕಾಂತಿಯ ಹತ್ತಿರ, ಹಾಗೇ ನೆನಪಾದವನಂತೆ, ನನ್ನ ಹಳೆಯ ಸರ್ಟಿಫಿಕೇಟುಗಳೆಲ್ಲ ಟ್ರಂಕಿನಲ್ಲಿ ಉಂಟಲ್ಲ, ಗೆದ್ದಲು ಹಿಡಿದಿಲ್ಲವಲ್ಲ ಎಂದು ಕೇಳಿದ್ದ. ಈ ವರ್ಷ ತೃಪ್ತಿ ತಾನಾಗಿಯೇ ‘ಪಪ್ಪ, ನಿಮಗೂ ಒಂದು ಮಾಡುವ’ ಅಂದಾಗ, ಥೂ ನನಗೆಂತಕ್ಕೆ ಅದು ಎಂದು ಮೂರು ಸಲ ಹೇಳಿದ. ನಾಲ್ಕನೆಯ ಸಲ ಹೇಳಿದರೆ ಅವಳು ನಿಜವೆಂದು ನಂಬಿಬಿಡುತ್ತಾಳೆಂದು ಹೆದರಿ ಸುಮ್ಮನಾದ.

ಭಾನುವಾರದ ಬೆಳಗಿನ ಬಿಸಿಲು ಕಿಟಕಿಯಿಂದ ಹಾಸಿನ ಮೇಲೆ ಬೀಳುತ್ತಿತ್ತು. ತೃಪ್ತಿ ಕುರ್ಚಿ ಹತ್ತಿ ನಿಂತು ಫೋನನ್ನು ಅಡ್ಡ ಹಿಡಿದು, ಒಂದೊಂದೇ ವಸ್ತುವಿನ ನೆತ್ತಿಯ ಮೇಲಿಂದ ಫೋಟೊ ಹೊಡೆಯುತ್ತಿದ್ದಳು. ತಾಲೂಕು ಮಟ್ಟದ ಉತ್ತಮ ಶಿಕ್ಷಕ ಪ್ರಶಸ್ತಿಯ ಫಲಕ. ಅದರಲ್ಲಿ ಗಡಿಯಾರವೂ ಇತ್ತು, ಕೊಟ್ಟ ದಿನವೇ ನಿಂತದ್ದು. ಯಾವುದೋ ಸಹಕಾರಿ ಸಂಘದವರು ಕೊಟ್ಟ ಫೈಬರಿನ ದೀಪದ ಕಂಬ. ಫೋಟೊ ಹೊಡೆದ ಕೂಡಲೇ ಅವಳು ಪರದೆಯ ಮೇಲೆ ಬೆರಳಾಡಿಸಿ ಅದರ ನೆರಳನ್ನು ಒರೆಸಿಹಾಕುತ್ತಿದ್ದಳು. ಮತ್ತೆ ಇನ್ನೊಂದು ಬೆರಳಾಡಿಸಿದರೆ ಬೇರೊಂದು ನೆರಳು ಬರುತ್ತಿತ್ತು. ಇದ್ದ ನೆರಳನ್ನು ತೆಗೆದು ಇಲ್ಲದ ನೆರಳು ಹಾಕುವುದು ಎಂತಕ್ಕೆ ಎಂದು ವಸಂತ ಕೇಳಿದ. ‘ಅದು ಕಿಟಕಿಯ ನೆರಳು ಪಪ್ಪ, ಚಂದ ಕಾಣುದಿಲ್ಲ. ಇದು ಎಲ್ಲದಕ್ಕೂ ಒಂದೇ ಬದಿಯಿಂದ ಬೀಳ್ತದೆ’ ಅಂದಳು. ಅವನ ಬಿ.ಎಡ್. ಸರ್ಟಿಫಿಕೇಟು ಪ್ಲಾಸ್ಟಿಕ್ ಹಾಕಿಸಿಟ್ಟದ್ದರಿಂದ ಇನ್ನೂ ಬೆಳ್ಳಗಿತ್ತು; ಅವಳು ಅದಕ್ಕೂ ಹಳದಿ ಬಳಿದು, ಮೂಲೆ ಸುಟ್ಟಂತೆ ಮಾಡಿ, ನೂರು ವರ್ಷದ ಹಿಂದಿನ ತಾಳೆಗರಿಯ ಹಾಗೆ ಕಾಣಿಸಿದಳು. ಇಂಥವರೇ ನಾಳೆ ಚರಿತ್ರೆ ಬರೆಯುವವರು ಎಂದು ಅವನಿಗೆ ಒಳಗೊಳಗೇ ಉರಿಯಿತು. ಉರಿದರೂ ಆ ಹಳದಿ ಸರ್ಟಿಫಿಕೇಟು ಚೆನ್ನಾಗಿಯೇ ಕಂಡಿತು.

‘ಪಪ್ಪ, ಇನ್ನು ಮೇನ್ ಐಟಮ್. ಕತ್ತರಿ.’

ಅವನು ಎದ್ದು ಕಪಾಟಿನ ಹತ್ತಿರ ಹೋದ. ಎರಡು ವಾರದಿಂದ ಅವಳು ಕೇಳುತ್ತಲೇ ಇದ್ದಳು, ಅಟ್ಟದಲ್ಲಿ ಉಂಟು, ಹುಡುಕಿ ಕೊಡ್ತೇನೆ ಎಂದು ಅವನೂ ಹೇಳುತ್ತಲೇ ಇದ್ದ. ಮೈ ಒರೆಸುವ ಹಳೆಯ ಬೈರಾಸಿನಲ್ಲಿ ಸುತ್ತಿದ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ತಂದು ಹಾಸಿನ ಮೇಲಿಟ್ಟು ಬಿಚ್ಚಿದ. ತುಕ್ಕು ಹಿಡಿದ ಕತ್ತರಿ, ಬೆರಳು ತೂರಿಸುವ ಕಡೆ ಬಟ್ಟೆಯ ಚೂರು ಸುತ್ತಿದ್ದು. ತೃಪ್ತಿ ಕುರ್ಚಿಯಿಂದ ಇಳಿದು ನೆಲದಲ್ಲಿ ಕುಳಿತಳು. ಫೋನನ್ನು ಬದಿಗಿಟ್ಟು, ಮುಟ್ಟಬೇಕೋ ಬೇಡವೋ ಎಂಬಂತೆ ನೋಡಿದಳು. ಸಣ್ಣವಳಿರುವಾಗಿನಿಂದ ಕೇಳಿದ ಕತ್ತರಿ ಅದು. ಅಕ್ಕ ಪ್ರೇಮಾವತಿ ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು, ಬೀಡಿಯ ಎಲೆ ಕತ್ತರಿಸಿ ಕತ್ತರಿಸಿ ಬೆರಳು ಸವೆಸಿಕೊಂಡು, ತಮ್ಮನನ್ನು ಮಾಸ್ಟ್ರು ಮಾಡಿದ ಕತ್ತರಿ. ‘ಮುಟ್ಟಿದರೆ ಎಂತದೋ ಆಗ್ತದೆ ಪಪ್ಪ’ ಅಂದಳು ಅವಳು. ಅವಳ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಅದನ್ನು ಕಂಡು ವಸಂತನಿಗೆ ನಾಚಿಕೆಯಾಯಿತು. ಆ ನಾಚಿಕೆಯ ಹಿಂದೆಯೇ, ಕೆಲಸ ಸರಿಯಾಗಿದೆ ಎಂಬ ಸಮಾಧಾನವೂ ಬಂತು.

ಕತ್ತರಿಯನ್ನು ಅವನು ತಂದು ಇನ್ನೂ ಒಂದು ವಾರವಾಗಿರಲಿಲ್ಲ.

ಮೊದಲ ಸಲ ಅಕ್ಕನ ಕತ್ತರಿಯ ಮಾತು ಅವನ ಬಾಯಿಯಿಂದ ಬಂದದ್ದು ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಶಿಕ್ಷಕರ ದಿನಾಚರಣೆಯಲ್ಲಿ. ಅಕ್ಕ ಬೀಡಿ ಕಟ್ಟಿ ಓದಿಸಿದಳು ಎಂದು ಹೇಳಿದಾಗ ಸಭೆ ಸುಮ್ಮನೆ ಕುಳಿತಿತ್ತು. ಅದರಲ್ಲೇನು ಮಹಾ, ಎದುರಿಗೆ ಕುಳಿತ ಅರ್ಧ ಮಕ್ಕಳ ಅಮ್ಮಂದಿರೂ ಬೀಡಿ ಕಟ್ಟುವವರೇ. ಆಗ ನಾಲಿಗೆ ತಾನಾಗಿಯೇ ಮುಂದೆ ಓಡಿತು. ‘ಆ ಕತ್ತರಿ ಇವತ್ತಿಗೂ ನನ್ನ ಮೇಜಿನ ಮೇಲಿದೆ. ದಿನಾ ಬೆಳಿಗ್ಗೆ ಅದನ್ನು ಮುಟ್ಟಿ ನಮಸ್ಕರಿಸಿಯೇ ನಾನು ಶಾಲೆಗೆ ಹೊರಡುವುದು.’ ಚಪ್ಪಾಳೆ ಬಿತ್ತು. ಮನೆಯವರು ಕೇಳಿದರೆ ಮಾತ್ರ, ಕಳೆದುಹೋಗಬಾರದೆಂದು ಅಟ್ಟದಲ್ಲಿ ಇಟ್ಟಿದ್ದೇನೆ ಎನ್ನುತ್ತಿದ್ದ. ಮುಂದಿನ ವರ್ಷದ ಭಾಷಣದಲ್ಲಿ ಕತ್ತರಿಗೆ ತುಕ್ಕು ಹಿಡಿಯಿತು, ಅದರ ಮುಂದಿನ ವರ್ಷ ತುಕ್ಕಿನ ಕೆಳಗೆ ಅಕ್ಕನ ರಕ್ತದ ಕಲೆಯೂ ಬಂತು. ಬೆಳ್ತಂಗಡಿಯ ಒಂದು ಸಮ್ಮೇಳನದಲ್ಲಿ ಅವನು ಅದನ್ನು ಹೇಳುವಾಗ ಅಧ್ಯಕ್ಷರೇ ಕನ್ನಡಕ ತೆಗೆದು ಒರೆಸಿಕೊಂಡಿದ್ದರು. ನಲವತ್ತೊಂದು ಶಾಲುಗಳಲ್ಲಿ ಮೂವತ್ತಾದರೂ ಕತ್ತರಿಗೇ ಬಂದವು. ನಿಜವಾದ ಕತ್ತರಿ ಎಲ್ಲಿ ಹೋಯಿತೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದಕ್ಕಿಂತ, ಆ ಮೂಲೆಗೇ ಅವನು ಹೋದವನಲ್ಲ. ಸಣ್ಣ ಮನೆ, ಒಳಗಿನ ಕೋಣೆಯಲ್ಲಿ ಅಮ್ಮ, ಅಕ್ಕ, ನೆರೆಯ ಇಬ್ಬರು ಹೆಂಗಸರು ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಕುಳಿತರೆ ಹೊಗೆಸೊಪ್ಪಿನ ಘಾಟು ಅಂಗಳದವರೆಗೂ ಬರುತ್ತಿತ್ತು. ಅವನ ಅಂಗಿಗೂ ಅದೇ ವಾಸನೆ. ಎಂಟನೆಯ ಕ್ಲಾಸಿನಲ್ಲಿ ಪಕ್ಕದ ಹುಡುಗ ಮೂಗು ಮುಚ್ಚಿ ಬೆಂಚಿನ ಆಚೆ ಸರಿದು ಕುಳಿತ ದಿನದಿಂದ ಅವನು ತನ್ನ ಅಂಗಿಯನ್ನು ತಾನೇ ಒಗೆದುಕೊಳ್ಳತೊಡಗಿದ, ಪುಸ್ತಕವನ್ನು ಹೊರಗಿನ ಜಗಲಿಯಲ್ಲಿಟ್ಟ, ಓದುವುದಕ್ಕೆ ಪೇಟೆಯ ಲೈಬ್ರರಿಗೆ ಹೋದ. ಭಾಷಣದಲ್ಲಿ ಮಾತ್ರ, ಅಕ್ಕನ ಮಡಿಲ ಬದಿಯಲ್ಲಿ ಅದೇ ಚಿಮಿಣಿ ದೀಪದಲ್ಲಿ ಕುಳಿತು ಓದಿದೆ ಎಂದು ಬರುತ್ತಿತ್ತು.

ಗುಜರಿ ಅಂಗಡಿ ಇದ್ದದ್ದು ಬಂಟ್ವಾಳದ ದಾರಿಯಲ್ಲಿ. ಮೂಡುಬಿದಿರೆಯಲ್ಲಿ ಯಾರಾದರೂ ನೋಡಿಯಾರೆಂದು ಅವನು ಅಷ್ಟು ದೂರ ಹೋಗಿದ್ದ. ಬಗ್ಗಿ ಕಬ್ಬಿಣದ ರಾಶಿಯಲ್ಲಿ ಕೈಯಾಡಿಸುತ್ತಿರುವಾಗ ಹಿಂದಿನಿಂದ ‘ಸಾರ್!’ ಎಂದು ಕೂಗು ಬಂತು. ಅಂಗಡಿಯವನು ಹನೀಫಾ, ಹದಿನೈದು ವರ್ಷದ ಹಿಂದಿನ ವಿದ್ಯಾರ್ಥಿ. ಕುರ್ಚಿ ತಂದ, ಜ್ಯೂಸು ತರಿಸಿದ, ಎಂತ ಬೇಕು ಸಾರ್ ನಾನು ಹುಡುಕಿ ಕೊಡ್ತೇನೆ ಎಂದ. ಹೂಗಿಡ ಕತ್ತರಿಸಲಿಕ್ಕೆ ಒಂದು ಹಳೆಯ ಕತ್ತರಿ ಎಂದು ವಸಂತ ಹೇಳಿದ. ಕತ್ತರಿ ಎಂಬ ಶಬ್ದ ಕೇಳಿದ್ದೇ ಹನೀಫಾನ ಮುಖ ಅರಳಿತು. ‘ನಿಮ್ಮ ಅಕ್ಕನ ಕತ್ತರಿ ಕಥೆ ಈಗ್ಲೂ ನೆನಪುಂಟು ಸಾರ್. ಆ ಕಥೆ ಕೇಳಿಯೇ ಆ ವರ್ಷ ನಾನು ಶಾಲೆ ಬಿಡ್ಲಿಲ್ಲ.’ ವಸಂತ ಜ್ಯೂಸಿನ ಲೋಟ ಎತ್ತಿಕೊಂಡ. ‘ಮರುವರ್ಷ ಬಿಟ್ಟೆ’ ಎಂದು ಹನೀಫಾ ನಕ್ಕು, ರಾಶಿಯ ಅಡಿಯಿಂದ ಉದ್ದ ಬಾಯಿಯ ಕತ್ತರಿಯೊಂದನ್ನು ಎಳೆದು, ತನ್ನ ಅಂಗಿಗೇ ಒರೆಸಿ, ದುಡ್ಡು ಬೇಡವೇ ಬೇಡ ಎಂದು ಕೈ ಮುಗಿದು ಕೊಟ್ಟ. ಮನೆಗೆ ತಂದು ನೋಡಿದರೆ ಅದರಲ್ಲಿ ತುಕ್ಕು ಸಾಲದು. ಬಚ್ಚಲಿನ ಹಿಂದೆ ಹಳೆಯ ಬಾಲ್ದಿಯಲ್ಲಿ ಉಪ್ಪುನೀರು ಕದಡಿ ನಾಲ್ಕು ದಿನ ನೆನೆಹಾಕಿದ. ಕಾಂತಿ ನೋಡಿ ‘ಇದೆಂತ ನೆನೆ ಹಾಕಿದ್ದು?’ ಎಂದು ಕೇಳಿದಾಗ, ತುಕ್ಕು ಬಿಡಿಸಲಿಕ್ಕೆ ಎಂದ. ಅವಳು ಅವನನ್ನು ಒಂದು ಕ್ಷಣ ನೋಡಿ, ಬಟ್ಟೆ ಹರವಲು ಹೋದಳು. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸು ಹಾಗೆ ಏನೂ ಕೇಳದೆ ಹೋಗುವುದಕ್ಕಿಂತ ಬೈದಿದ್ದರೆ ಒಳ್ಳೆಯದಿತ್ತು.

‘ಇದಕ್ಕೆ ಬಣ್ಣ ಹಾಕುದೇ ಬೇಡ, ಹೇಗುಂಟೋ ಹಾಗೇ ಇಡುವ’ ಎಂದಳು ತೃಪ್ತಿ, ಫೋಟೊ ನೋಡುತ್ತ. ಪುಟದ ತಲೆಯ ಮೇಲೆ ‘ಹೊಗೆಸೊಪ್ಪಿನ ಘಮದಲ್ಲಿ ಅರಳಿದ ಅಕ್ಷರ’ ಎಂದು ಬರೆದು ತೋರಿಸಿದಳು. ಹೊಗೆಸೊಪ್ಪಿಗೆ ಘಮವಂತೆ! ಮೂಗಿದ್ದವರು ಬರೆಯುವ ಮಾತಲ್ಲ ಅದು. ವಸಂತ ಕನ್ನಡ ಮಾಸ್ಟ್ರ ಗತ್ತಿನಿಂದ ಅದನ್ನು ಹೊಡೆದುಹಾಕಿಸಿ, ತುಸು ಯೋಚಿಸಿ, ‘ಎಲೆ ಕತ್ತರಿಸಿದ ಕೈ, ಬದುಕು ಹೊಲಿದ ಕೈ’ ಎಂದು ಬರೆಯಿಸಿದ. ಅದು ಇನ್ನೂ ಹೇಸಿಗೆ ಎಂದು ಅವನಿಗೇ ಅನಿಸಿತು. ತೃಪ್ತಿ ಮಾತ್ರ ಹಿಗ್ಗಿ, ಹಾಗಾದರೆ ಕತ್ತರಿ ಒಂದೇ ಸಾಲದು, ಮಾಮಿಯ, ಅಂದರೆ ಅತ್ತೆ ಪ್ರೇಮಾವತಿಯ, ಕೈಯೂ ಬೇಕು, ಈಗಲೇ ವಾಮದಪದವಿಗೆ ಹೋಗಿ ಅವರ ಕೈಯಲ್ಲೇ ಕತ್ತರಿ ಹಿಡಿಸಿ ವೀಡಿಯೊ ಮಾಡುವ ಎಂದು ಎದ್ದು ನಿಂತಳು. ಅಕ್ಕನಿಗೆ ಮೈಯಲ್ಲಿ ಹುಷಾರಿಲ್ಲ, ಇನ್ನೊಂದು ದಿನ ಹೋಗುವ ಅಂದ ವಸಂತ. ‘ನಿನ್ನೆ ರಾತ್ರಿ ಫೋನ್ ಮಾಡಿದ್ದೆ ಪಪ್ಪ, ಗಟ್ಟಿ ಇದ್ದಾರೆ’ ಎಂದು ಅವಳು ಕಾರಿನ ಕೀಲಿ ತೆಗೆದುಕೊಂಡಳು. ಕತ್ತರಿಯನ್ನು ಬೈರಾಸಿನಲ್ಲಿ ಮತ್ತೆ ಸುತ್ತಿ, ದೇವರ ಪ್ರಸಾದವನ್ನು ಹಿಡಿದಂತೆ ಅವನ ಮಡಿಲಲ್ಲಿಟ್ಟಳು.

ದಾರಿಯುದ್ದಕ್ಕೂ ಅವನು ಅಕ್ಕನ ಮುಖವನ್ನು ನೆನಪಿಸಿಕೊಳ್ಳಲು ನೋಡಿದ. ಗುರುತು ಹಿಡಿಯುತ್ತಾಳೆಯೇ? ಎಪ್ಪತ್ತರ ಹತ್ತಿರ ಬಂದವಳು, ನಲವತ್ತು ವರ್ಷದ ಹಿಂದಿನ ಕಬ್ಬಿಣ, ಹಿಡಿಯಲಿಕ್ಕಿಲ್ಲ. ಹಿಡಿದರೆ ತೃಪ್ತಿಯ ಎದುರಿಗೇ ಹೇಳುತ್ತಾಳೆಯೇ? ರಸ್ತೆಯ ಬದಿಯಲ್ಲಿ ರಬ್ಬರ್ ಶೀಟುಗಳು ತಂತಿಯ ಮೇಲೆ ಒಣಗುತ್ತಿದ್ದವು. ಎಲ್ಲ ಸರಿಯಾದೀತು, ಅಕ್ಕ ಎಂದೂ ಅವನ ಮಾತಿಗೆ ಎದುರು ಹೇಳಿದವಳಲ್ಲ. ಶಾಲೆಯ ಬೆಳ್ಳಿಹಬ್ಬದ ದಿನವೂ ಹಾಗೆಯೇ. ಬರುವುದಿಲ್ಲ ಅಂದವಳನ್ನು ಒತ್ತಾಯ ಮಾಡಿ ಬಸ್ಸಿನಲ್ಲಿ ಕರೆತಂದು ಮುಂದಿನ ಸಾಲಿನಲ್ಲಿ ಕುಳ್ಳಿರಿಸಿದ್ದ. ಭಾಷಣದ ನಡುವೆ ಮೈಕು ಬಿಟ್ಟು ಇಳಿದು ಹೋಗಿ, ಅವಳನ್ನು ವೇದಿಕೆಗೆ ಕರೆದು, ಅವಳ ಕೈಯನ್ನು ಹಿಡಿದೆತ್ತಿ, ‘ನೋಡಿ ಈ ಬೆರಳುಗಳನ್ನು’ ಅಂದಿದ್ದ. ಸಾವಿರ ಜನ ಎದ್ದು ನಿಂತಿದ್ದರು. ಅಕ್ಕ ತಲೆ ತಗ್ಗಿಸಿ ಅತ್ತಳು. ತನ್ನ ಬದುಕಿನಲ್ಲಿ ಒಂದೇ ಒಂದು ದಿನವನ್ನು ಉಳಿಸಿಕೊಳ್ಳಬಹುದು ಎಂದರೆ ಅವನು ಅದನ್ನೇ ಆರಿಸುತ್ತಿದ್ದ. ಬೇರೆ ಎಲ್ಲದರ ಬಗ್ಗೆ ಸಂಶಯವಿದ್ದರೂ ಆ ದಿನದ ಬಗ್ಗೆ ಅವನಿಗೆ ಸಂಶಯವಿರಲಿಲ್ಲ.

ವಾಮದಪದವಿನ ಪೇಟೆಯಲ್ಲಿ ಅಕ್ಕನ ಮಗ ಶೋಧನನ ಜಿನಸಿನ ಅಂಗಡಿ, ಅದರ ಹಿಂದೆಯೇ ಮನೆ. ಪ್ರೇಮಾವತಿ ಟಿ.ವಿ.ಯ ಎದುರು ಕಾಲು ನೀಡಿ ಕುಳಿತು ಬಸಳೆ ಸೋಸುತ್ತಿದ್ದಳು. ಇವರನ್ನು ಕಂಡು ಟಿ.ವಿ.ಯ ಸ್ವರ ತಗ್ಗಿಸಿದಳೇ ಹೊರತು ನಿಲ್ಲಿಸಲಿಲ್ಲ. ಶರಬತ್ತು ಮಾಡಿ ಕೊಟ್ಟಳು, ಮೊಮ್ಮಗಳಿಗೆ ಸಂಬಂಧ ನಿಶ್ಚಯವಾದ ಸುದ್ದಿ ಹೇಳಿದಳು. ಹುಡುಗನ ಮನೆ ನರಿಕೊಂಬಿನಲ್ಲಂತೆ, ಒಳ್ಳೆಯ ಜನರಂತೆ. ತೃಪ್ತಿ ಅವಳನ್ನು ಕಿಟಕಿಯ ಬದಿಗೆ ಕೂರಿಸಿ, ಸೆರಗು ಸರಿಮಾಡಿ, ಗಂಟು ಬಿಚ್ಚಿ ಕತ್ತರಿಯನ್ನು ಅವಳ ಬಲಗೈಗೆ ಕೊಟ್ಟು ಫೋನು ಎತ್ತಿದಳು.

‘ಮಾಮಿ, ಇದು ಯಾವುದು ಗೊತ್ತಾಯ್ತಾ?’

ಪ್ರೇಮಾವತಿ ಕತ್ತರಿಯನ್ನು ತಿರುಗಿಸಿ ನೋಡಿದಳು. ಬಟ್ಟೆ ಸುತ್ತಿದ ಕಡೆ ಉಗುರಿನಿಂದ ಕೆರೆದಳು. ಮತ್ತೆ ತಲೆಯೆತ್ತಿ ತೃಪ್ತಿಯನ್ನಲ್ಲ, ಅವಳ ಹಿಂದೆ ನಿಂತ ತಮ್ಮನನ್ನು ನೋಡಿದಳು. ವಸಂತ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದ. ಟಿ.ವಿ.ಯಲ್ಲಿ ಯಾರೋ ಸೊಸೆ ಸಣ್ಣ ಸ್ವರದಲ್ಲಿ ಅಳುತ್ತಿದ್ದಳು.

‘ಗೊತ್ತಾಯ್ತು’ ಅಂದಳು ಪ್ರೇಮಾವತಿ. ‘ನನ್ನದೇ.’

ತೃಪ್ತಿ ಇನ್ನೊಮ್ಮೆ ಹೇಳಿಸಿದಳು. ಕೈಯ ಹತ್ತಿರಕ್ಕೆ ಫೋನು ತಂದು ಬೆರಳುಗಳನ್ನು ಒಂದೊಂದಾಗಿ ಹಿಡಿದಳು, ಬೆರಳಿನ ಗಂಟು, ಉಗುರಿನ ಬದಿಯ ಒಡಕು, ಎಲ್ಲವನ್ನೂ. ಮುಗಿದ ಮೇಲೆ ಪ್ರೇಮಾವತಿ ಕತ್ತರಿಯನ್ನು ಬಸಳೆಯ ಬುಟ್ಟಿಯ ಪಕ್ಕದಲ್ಲಿಟ್ಟು, ‘ತೃಪ್ತಿ, ಮಗಾ, ಚಹಾಕ್ಕೆ ಹಾಲು ಸಾಲ್ಲಿಕ್ಕಿಲ್ಲ. ಅಂಗಡಿಯಿಂದ ಒಂದು ಪ್ಯಾಕೆಟ್ ತೆಗೊಂಡು ಬಾ’ ಎಂದು ಅವಳನ್ನು ಹೊರಗೆ ಕಳಿಸಿದಳು.

‘ಎಲ್ಲಿಂದ ತಂದೆ ಇದನ್ನು?’

‘ಯಾವುದನ್ನು?’

‘ನಾಟಕ ಬೇಡ ಮಾರಾಯ. ನಾನೆಂತ ನಿನ್ನ ಶಾಲೆಯ ಮಗುವಾ?’

‘ಗುಜರಿಯಿಂದ’ ಅಂದ ವಸಂತ.

ಪ್ರೇಮಾವತಿ ನಕ್ಕಳು. ಕೆಮ್ಮು ಬರುವವರೆಗೆ ನಕ್ಕಳು, ಬಸಳೆಯ ದಂಟು ಹಿಡಿದೇ ಕಣ್ಣೊರೆಸಿಕೊಂಡಳು. ಹಾಗೆ ನಗುವುದನ್ನು ಅವನು ಮುಂಚೆ ನೋಡಿದ್ದನೋ ಇಲ್ಲವೋ, ನೆನಪಾಗಲಿಲ್ಲ. ‘ಅಲ್ಲ ಮಾರಾಯ, ಎಲೆ ಕತ್ತರಿಸ್ತಾ ಇದ್ದದ್ದು ಅಮ್ಮ. ನಾನು ಕತ್ತರಿ ಹಿಡಿದವಳೇ ಅಲ್ಲ. ನಾನು ಕತ್ತರಿಸಿದ್ರೆ ಅರ್ಧ ಎಲೆ ಹಾಳು, ಎಲೆ ತೂಗಿ ಕೊಡುವ ಬ್ರಾಂಚಿನವ ಬೈತಾನೆ ಅಂತ ಅಮ್ಮ ನನ್ನನ್ನು ಮುಟ್ಲಿಕ್ಕೇ ಬಿಡ್ತಿರ್ಲಿಲ್ಲ. ಅಮ್ಮ ಕತ್ತರಿಸುದು, ನಾನು ಬೀಡಿ ಸುರುಟುದು. ಅಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದವ ನೀನು. ಯಾರು ಎಂತ ಮಾಡ್ತಾರೆ ಅಂತ ಒಂದು ದಿನ ಆದ್ರೂ ನೋಡಿದ್ದುಂಟಾ?’

ಅವನು ನೋಡಿರಲಿಲ್ಲ. ಊರೂರಿನ ವೇದಿಕೆಗಳಲ್ಲಿ, ಅಧ್ಯಕ್ಷರುಗಳ ಮುಂದೆ, ಕಣ್ಣೊರೆಸುವ ಹೆಂಗಸರ ಮುಂದೆ, ಅವನು ಎತ್ತಿ ಎತ್ತಿ ತೋರಿಸಿದ ಕೈಯಲ್ಲಿ ಕತ್ತರಿಯೇ ಇರಲಿಲ್ಲ. ಅದನ್ನು ಹಿಡಿದಿದ್ದ ಅಮ್ಮ ಒಂದು ಭಾಷಣಕ್ಕೂ ಬಾರದೆ ಸತ್ತುಹೋಗಿದ್ದಳು. ರುಕ್ಮಯ್ಯನ ಕಲ್ಲಾದರೂ ರುಕ್ಮಯ್ಯನ ಹೊಟ್ಟೆಯಲ್ಲೇ ಬೆಳೆದದ್ದು.

‘ಮತ್ತೆ ನಿನ್ನದೇ ಅಂತ ಯಾಕೆ ಹೇಳಿದ್ದು?’

‘ಮಗಳ ಎದುರು ನಿನ್ನ ಮರ್ಯಾದೆ ತೆಗೀಬೇಕಿತ್ತಾ?’ ಪ್ರೇಮಾವತಿ ಮತ್ತೆ ಬಸಳೆ ಸೋಸತೊಡಗಿದಳು. ಈಗ ನಗು ಇರಲಿಲ್ಲ. ‘ನಿನ್ನ ಹತ್ರ ಒಂದು ಕೇಳ್ತೇನೆ ವಸಂತ. ಇಷ್ಟು ವರ್ಷ ಒಂದೂ ಕೇಳಿದವಳಲ್ಲ ನಾನು. ಆ ಪುಸ್ತಕದಿಂದ ನನ್ನನ್ನು ತೆಗೆಸು.’

‘ಅಕ್ಕ, ನಿನಗೆ ಗೌರವ ಅಂತಲೇ ಅಲ್ವಾ...’

‘ಗೌರವ! ನಿನ್ನ ಶಾಲೆಯ ಬೆಳ್ಳಿಹಬ್ಬದ ದಿನ ಸ್ಟೇಜಿನಲ್ಲಿ ನನ್ನ ಕೈ ಎತ್ತಿ ತೋರಿಸಿದೆ. ಸಂತೆಯಲ್ಲಿ ಎತ್ತಿನ ಹಲ್ಲು ತೋರಿಸಿದ ಹಾಗೆ. ಅಷ್ಟು ಜನ ನನ್ನ ಉಗುರು ನೋಡಿದ್ರು. ವಾಪಸ್ ಬರುವಾಗ ಬಸ್ಸಿನಲ್ಲಿ ಇಡೀ ದಾರಿ ಕೈಯನ್ನು ಸೆರಗಿನ ಒಳಗೆ ಇಟ್ಟುಕೊಂಡು ಬಂದೆ, ಗೊತ್ತುಂಟಾ ನಿನಗೆ? ಕಂಡಕ್ಟರನ ಹತ್ರ ಟಿಕೆಟ್ ತೆಗೊಳ್ಳಿಕ್ಕೆ ಕೈ ಹೊರಗೆ ತೆಗೀಲಿಕ್ಕೆ ಆಗ್ಲಿಲ್ಲ ನನಗೆ.’

‘ನೀನು ಸಂತೋಷಕ್ಕೆ ಅತ್ತದ್ದು ಅಂತ...’

‘ಅದೂ ನೀನೇ ಹೇಳಿಕೊಂಡದ್ದು.’ ಅವಳ ಸ್ವರ ಏರಲಿಲ್ಲ. ‘ಮತ್ತೆ ನಾನು ಬೀಡಿ ಕಟ್ಟಿದ್ದು ನಿನ್ನನ್ನು ಓದಿಸ್ಲಿಕ್ಕೆ ಮಾತ್ರ ಅಂತ ಯಾರು ಹೇಳಿದ್ದು ನಿನಗೆ? ಊರಲ್ಲಿ ಎಲ್ಲರೂ ಕಟ್ತಿದ್ರು, ನಾನೂ ಕಟ್ಟಿದೆ. ನಿನಗೂ ಕೊಟ್ಟೆ, ಇಲ್ಲ ಅಂತ ಅಲ್ಲ. ನನಗೆ ನೈಲೆಕ್ಸ್ ಸೀರೆ ಬೇಕಿತ್ತು. ಬಂಟ್ವಾಳಕ್ಕೆ ಹೋಗಿ ಸಿನೆಮಾ ನೋಡ್ಬೇಕಿತ್ತು, ನೋಡಿದೆ. ಕಿವಿಗೆ ಬೆಂಡೋಲೆ ಮಾಡಿಸಿಕೊಂಡೆ. ಆಮೇಲೆ ಐದು ವರ್ಷ ಪಂಚಾಯತಿನಲ್ಲಿ ಮೆಂಬರ್ ಆಗಿದ್ದೆ. ಆ ಮೇಲಿನ ಬೈಲಿಗೆ ರೋಡು ಬಂದದ್ದು ನಾನು ಜಗಳ ಮಾಡಿ. ಅದನ್ನು ನೀನು ಎಲ್ಲಿಯಾದ್ರೂ ಒಂದು ಕಡೆ ಹೇಳಿದ್ದುಂಟಾ? ಎಲ್ಲಿ ಹೋದ್ರೂ ನಾನು ಮಾಸ್ಟ್ರನ್ನು ಓದಿಸಿದ ಬೀಡಿಯ ಅಕ್ಕ. ಈಗ ಶೋಧನನ ಮಗಳಿಗೆ ಸಂಬಂಧ ಆಗಿದೆ. ನಾಳೆ ಅವರ ಮನೆಯವರ ಫೋನಿಗೂ ಇದು ಬರ್ತದೆ. ಅವರು ನನ್ನ ಮುಖ ನೋಡ್ಲಿ, ಬೆರಳು ನೋಡುದು ಬೇಡ.’

ವಸಂತನಿಗೆ ಅಳು ಬಂದಂತಾಯಿತು. ನಿಜವಾದ ಅಳು, ವೇದಿಕೆಯ ಮೇಲೆ ಬೇಕಾದಾಗ ಗಂಟಲಿಗೆ ಬರುತ್ತಿದ್ದದ್ದಲ್ಲ. ಅವಳ ಕಾಲಿನ ಹತ್ತಿರ ನೆಲದಲ್ಲಿ ಕುಳಿತುಬಿಡಬೇಕು ಎನಿಸಿತು. ಆದರೆ ಮೊಣಕಾಲು ನೋವು, ಕೂತರೆ ಏಳಲು ಯಾರಾದರೂ ಕೈ ಕೊಡಬೇಕು, ಅಷ್ಟರಲ್ಲಿ ತೃಪ್ತಿ ಬಂದು ನೋಡಿದರೆ ಏನೆಂದು ಹೇಳುವುದು? ಹೀಗೆ ಲೆಕ್ಕ ಹಾಕುತ್ತ ನಿಂತೇ ಇದ್ದ.

‘ಆಯ್ತು. ತೆಗೆಸ್ತೇನೆ.’

‘ನೀನು ಹೇಳಿದ್ರೆ ಅವಳು ಕೇಳ್ತಾಳೆ.’

‘ಹೇಳ್ತೇನೆ ಅಕ್ಕ. ಇವತ್ತೇ ಹೇಳ್ತೇನೆ.’

‘ಸಾಕು’ ಅಂದಳು ಪ್ರೇಮಾವತಿ. ಅವಳ ಮುಖ ಒಮ್ಮೆಲೇ ಸಡಿಲಾಯಿತು. ಚಹಾ ಕುಡಿದದ್ದಾಯಿತು, ಹಲಸಿನೆಲೆಯ ಕೊಟ್ಟೆ ಕಡುಬು ಕಟ್ಟಿಕೊಟ್ಟದ್ದಾಯಿತು. ಹೊರಡುವಾಗ ಅವಳು ಗೇಟಿನವರೆಗೆ ಬಂದು, ಬಿಸಿಲಿನಲ್ಲಿ ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು, ಕಾರು ತಿರುಗುವವರೆಗೆ ನಿಂತಿದ್ದಳು.

ತೃಪ್ತಿ ದಾರಿಯುದ್ದಕ್ಕೂ ಮಾತಾಡಿದಳು. ಮಾಮಿ ‘ನನ್ನದೇ’ ಅಂದದ್ದು ಎಷ್ಟು ಲಾಯ್ಕ ಬಂದಿದೆ, ಅದಕ್ಕೆ ಹಿನ್ನೆಲೆ ಸಂಗೀತವೇ ಬೇಡ, ಆ ಒಂದು ಮಾತಿಗೇ ಜನ ಸುಮ್ಮನಾಗ್ತಾರೆ ಎಂದಳು. ವಸಂತ ಈಗ ಹೇಳುತ್ತೇನೆ, ಆ ತಿರುವು ದಾಟಿದ ಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದ. ಹೇಳುವುದೇನು ಕಷ್ಟ? ಅಕ್ಕನಿಗೆ ಇಷ್ಟವಿಲ್ಲ, ತೆಗೆದುಬಿಡು. ಯಾಕೆ ಎಂದು ಕೇಳುತ್ತಾಳೆ. ಯಾಕೆ ಎನ್ನುವುದಕ್ಕೆ ಉತ್ತರ ಕೊಡಹೊರಟರೆ ಕತ್ತರಿಯವರೆಗೆ ಹೋಗಬೇಕು, ಉಪ್ಪುನೀರಿನವರೆಗೆ ಹೋಗಬೇಕು. ಬೇಡ, ಏನೂ ಕಾರಣ ಕೊಡದೆ ಅಪ್ಪನ ಗತ್ತಿನಿಂದ ತೆಗೆ ಅಂದರೂ ಸಾಕು. ಅವಳು ತೆಗೆಯುತ್ತಾಳೆ. ತೆಗೆದರೆ ಆ ಪುಸ್ತಕದಲ್ಲಿ ಉಳಿಯುವುದೇನು? ಅವನು ಮನಸ್ಸಿನಲ್ಲೇ ಪುಟ ಮಗುಚಿದ. ನಿಂತ ಗಡಿಯಾರ. ಫೈಬರಿನ ದೀಪ. ಹಳದಿ ಬಳಿದ ಸರ್ಟಿಫಿಕೇಟು. ಶಾಲು, ಶಾಲು, ಮತ್ತೆ ಶಾಲು. ಅಂಗಳದಲ್ಲಿ ಕುಳಿತ ಜನ ಆಕಳಿಸಿ ಊಟದ ಶಾಮಿಯಾನದ ಕಡೆ ತಿರುಗುವುದು, ಮುಂದಿನ ಸಾಲಿನಲ್ಲಿ ರುಕ್ಮಯ್ಯ ಕಾಲ ಮೇಲೆ ಕಾಲು ಹಾಕಿ ನಗುವುದು ಅವನಿಗೆ ಸ್ಪಷ್ಟವಾಗಿ ಕಂಡಿತು. ಜನರನ್ನು ಅವನು ಬದುಕಿಡೀ ತಿರಸ್ಕಾರದಿಂದ ನೋಡಿದ್ದ. ಅವರ ಚಪ್ಪಾಳೆ ಇಲ್ಲದೆ ಒಂದು ಸಂಜೆ ಕಳೆಯುವುದು ಅವನಿಂದಾಗುತ್ತಿರಲಿಲ್ಲ.

‘ಮಾಮಿ ನನ್ನನ್ನು ಹಾಲಿಗೆ ಕಳಿಸಿ ನಿಮ್ಮ ಹತ್ರ ಎಂತ ಹೇಳಿದ್ದು?’ ಎಂದು ಕೇಳಿದಳು ತೃಪ್ತಿ. ‘ಬೇಕೂಂತಲೇ ಕಳಿಸಿದ್ದು ಅಂತ ಗೊತ್ತಾಯ್ತು ನನಗೆ.’

ಅವನು ಬಾಯಿ ತೆರೆದ. ಅಕ್ಕ ಗೇಟಿನಲ್ಲಿ ನಿಂತದ್ದು ಒಮ್ಮೆ ಕಣ್ಣ ಮುಂದೆ ಬಂತು. ಮೂವತ್ತು ವರ್ಷದ ಅಭ್ಯಾಸದ ನಾಲಿಗೆ ಅದಕ್ಕೆ ಕಾಯಲಿಲ್ಲ.

‘ಅವಳಿಗೆ ಸಂಕೋಚ. ನಿನ್ನ ಎದುರು ಹೇಳ್ಳಿಕ್ಕೆ ಆಗ್ಲಿಲ್ಲ. ನೀನು ಹೋದ ಮೇಲೆ ಅತ್ತಳು. ಸತ್ತ ಮೇಲೂ ನನ್ನನ್ನು ನಾಲ್ಕು ಜನ ನೋಡುವ ಹಾಗೆ ಮಾಡಿದೆ ಅಂದಳು.’

ತೃಪ್ತಿ ಕಾರಿನ ವೇಗ ಇಳಿಸಿದಳು. ಅವಳ ಕಣ್ಣು ಮತ್ತೆ ಒದ್ದೆಯಾಗಿತ್ತು.

‘ಹಾಗಾದ್ರೆ ಎರಡು ಪುಟ ಮಾಡುವ ಪಪ್ಪ. ಬೆರಳುಗಳದ್ದು ಒಂದು ಬೇರೆಯೇ ಹಾಕುವ, ಇಡೀ ಸ್ಕ್ರೀನ್ ತುಂಬ.’

‘ಹಾಕು’ ಅಂದ ವಸಂತ.